ಡಾಂಬರಿಗೂ ಜಲ್ಲಿಗೂ ಒಗ್ಗುವ ಬೈಕ್ ಯಾವುದು?

ಪ್ರಶ್ನೆ: ನಮ್ಮ ಮನೆ ಶೃಂಗೇರಿ ತಾಲ್ಲೂಕಿನಲ್ಲಿದೆ. ಪೇಟೆಯಿಂದ ಹದಿನೈದು ಕಿಲೋಮೀಟರ್ ಡಾಂಬರು ರಸ್ತೆ, ಅಲ್ಲಿಂದ ಮನೆಗೆ ಐದು ಕಿಲೋಮೀಟರ್ ಜಲ್ಲಿ, ಮಣ್ಣಿನ ದಾರಿ. ದಿನಾ ಹೋಗಿ ಬರಬೇಕು. ತಿಂಗಳಿಗೊಮ್ಮೆ ಬೆಂಗಳೂರಿಗೂ ಬೈಕಿನಲ್ಲೇ ಹೋಗುವ ಆಸೆ. ಹತ್ತು ವರ್ಷದಿಂದ ಓಡಿಸುತ್ತಿರುವ 100 ಸಿಸಿ ಗಾಡಿಯ ಶಾಕ್‌ಗಳು ಕೈಕೊಟ್ಟಿವೆ. ನನ್ನ ಎತ್ತರ ಐದು ಅಡಿ ಐದು ಇಂಚು. ವಾರಕ್ಕೆ ಒಂದೆರಡು ಸಲ ಹೆಂಡತಿಯೂ ಹಿಂದೆ ಕೂರುತ್ತಾಳೆ. ಕೊಳ್ಳುವುದಾದರೆ 400 ಸಿಸಿ ದಾಟಿದ್ದನ್ನೇ ಕೊಳ್ಳು ಎಂದು ಗೆಳೆಯರು ಹೇಳುತ್ತಾರೆ. ಎರಡೂ ಬಗೆಯ ರಸ್ತೆಗೆ ಒಗ್ಗುವ ಬೈಕ್ ಯಾವುದು? ಅದನ್ನು ಹೇಗೆ ಆರಿಸಬೇಕು?

ಉತ್ತರ: ಗೆಳೆಯರ ಮಾತನ್ನು ಸದ್ಯಕ್ಕೆ ಪಕ್ಕಕ್ಕಿಡಿ. ನೀವು ಬರೆದಿರುವುದನ್ನು ನೋಡಿದರೆ ನಿಮಗೆ ಬೇಕಿರುವುದು ಹಗುರವಾದ, ಮುಂದೆ 21 ಇಂಚಿನ ಚಕ್ರ ಇರುವ, 200 ಸಿಸಿ ಆಸುಪಾಸಿನ ಗಾಡಿ. ಹೆಸರು ಹೇಳಿಯೇ ಬಿಡುತ್ತೇನೆ: ಹೀರೋ ಎಕ್ಸ್‌ಪಲ್ಸ್. ಎಕ್ಸ್‌ಪಲ್ಸ್ 200 ಸಾಕು. ಬೆಂಗಳೂರಿನ ಓಡಾಟ ನಿಜವಾಗಿಯೂ ತಿಂಗಳಿಗೊಮ್ಮೆ ಆಗುತ್ತದೆ ಎಂದಾದರೆ 210 ವಾಸಿ. ಯಾಕೆ ಎನ್ನುವುದನ್ನು ಬಿಡಿಸಿ ಹೇಳುತ್ತೇನೆ. ನಿಮಗೆ ಒಪ್ಪಿಗೆಯಾಗದಿದ್ದರೆ ಅದೇ ಕಾರಣಗಳನ್ನು ಹಿಡಿದುಕೊಂಡು ಬೇರೆ ಗಾಡಿ ಆರಿಸಲೂ ಬಹುದು.

ಬೈಕ್ ಕೊಳ್ಳುವಾಗ ಬಹಳ ಜನರ ಕಣ್ಣ ಮುಂದೆ ಲಡಾಖ್ ಇರುತ್ತದೆ, ದಿನದ ದಾರಿ ಇರುವುದಿಲ್ಲ. ನಿಮ್ಮ ದಾರಿಯ ಅತಿ ಕೆಟ್ಟ ತುಂಡು ಯಾವುದು, ವರ್ಷದಲ್ಲಿ ಅದು ಅತಿ ಕೆಟ್ಟದಾಗಿರುವ ತಿಂಗಳು ಯಾವುದು ಎಂದು ಮೊದಲು ಕೇಳಿಕೊಳ್ಳಿ. ನಿಮ್ಮ ಮಟ್ಟಿಗೆ ಅದು ಜುಲೈ ತಿಂಗಳಲ್ಲಿ ಮನೆಗೆ ಹೋಗುವ ಆ ಐದು ಕಿಲೋಮೀಟರ್. ಬೆಂಗಳೂರಿಗೆ ವರ್ಷಕ್ಕೆ ಹನ್ನೆರಡು ಸಲ ಹೋಗಬಹುದು; ಜಲ್ಲಿಯ ಮೇಲೆ ದಿನಕ್ಕೆ ಎರಡು ಸಲ ಹೋಗಲೇಬೇಕು. ಹೆದ್ದಾರಿಯಲ್ಲಿ ಚಿಕ್ಕ ಎಂಜಿನ್ ಸ್ವಲ್ಪ ನಿಧಾನ ಮಾಡೀತು, ಅಷ್ಟೇ. ಕೆಸರಿನ ಏರಿನಲ್ಲಿ ಭಾರದ ಗಾಡಿ ಜಾರಿದರೆ ಕಾಲು ಅದರ ಅಡಿಗೆ ಸಿಗುತ್ತದೆ. ಎರಡೂ ಒಂದೇ ತೂಕದ ತೊಂದರೆಗಳಲ್ಲ.

ಜಲ್ಲಿಯ ಮೇಲೆ ಏನಾಗುತ್ತದೆ ಎಂದು ಸ್ವಲ್ಪ ಹತ್ತಿರದಿಂದ ನೋಡೋಣ. ಡಾಂಬರಿನಲ್ಲಿ ಟಯರಿನ ರಬ್ಬರು ನೆಲವನ್ನೇ ಹಿಡಿಯುತ್ತದೆ. ರೋಲರ್ ಕಾಣದ ಜಲ್ಲಿಯಲ್ಲಿ ಟಯರು ಹಿಡಿದಿರುವುದು ಒಂದು ಕಲ್ಲನ್ನು, ಆ ಕಲ್ಲು ನೆಲವನ್ನು ಹಿಡಿದಿರುವುದಿಲ್ಲ. ಅಂಗಳದಲ್ಲಿ ಹರವಿದ ಒಣ ಅಡಿಕೆಯ ಮೇಲೆ ಕಾಲಿಟ್ಟ ಹಾಗೆ ಅದು ಉರುಳುತ್ತದೆ. ಆಗ ಮುಂದಿನ ಚಕ್ರ ಒಂದಿಷ್ಟು ಎಡಕ್ಕೆ, ಒಂದಿಷ್ಟು ಬಲಕ್ಕೆ ತಾನಾಗಿಯೇ ಅಲೆದಾಡುತ್ತದೆ. ಅಭ್ಯಾಸವಿಲ್ಲದವರು ಇದರಿಂದ ಗಾಬರಿಯಾಗಿ ಹ್ಯಾಂಡಲನ್ನು ಬಿಗಿಯಾಗಿ ಹಿಡಿದು ಥಟ್ಟನೆ ಆಕ್ಸಿಲರೇಟರ್ ಬಿಡುತ್ತಾರೆ. ಭಾರವೆಲ್ಲ ಮುಂದಕ್ಕೆ ಬಂದು ಚಕ್ರ ಜಲ್ಲಿಯೊಳಗೆ ಹೂತುಕೊಳ್ಳುತ್ತದೆ, ಗಾಡಿ ಬೀಳುತ್ತದೆ. ಒಳ್ಳೆಯ ಗಾಡಿ ಈ ಅಲೆದಾಟವನ್ನು ಇಲ್ಲವಾಗಿಸುವುದಿಲ್ಲ. ಅದನ್ನು ತಡೆದುಕೊಂಡು ಮತ್ತೆ ನೇರಕ್ಕೆ ಬರುತ್ತದೆ.

ಚಕ್ರದ ಅಳತೆಯ ಮಾತು ಬರುವುದು ಇಲ್ಲಿಯೇ. ನಿಮ್ಮ 100 ಸಿಸಿ ಗಾಡಿಯಲ್ಲಿ ಇರುವುದು ಬಹುಶಃ 18 ಇಂಚಿನ ಚಕ್ರ. ಟಯರೂ ಸೇರಿ ಅದರ ಅಡ್ಡಳತೆ ಸುಮಾರು 60 ಸೆಂಟಿಮೀಟರ್. ಎಕ್ಸ್‌ಪಲ್ಸ್, 400 ಸಿಸಿ ದಾಟಿದ ಹಿಮಾಲಯನ್ ಎರಡರಲ್ಲೂ ಮುಂದೆ ಇರುವ 90/90-21 ಟಯರಿನದು ಸುಮಾರು 70. ಈ ಹತ್ತು ಸೆಂಟಿಮೀಟರಿನ ಬೆಲೆ ಗೊತ್ತಾಗುವುದು ಮುಷ್ಟಿ ಗಾತ್ರದ ಕಲ್ಲು ಎದುರಾದಾಗ. ಚಿಕ್ಕ ಚಕ್ರ ಕಲ್ಲಿಗೆ ಹೆಚ್ಚು ನೇರವಾಗಿ ಬಡಿಯುತ್ತದೆ, ಆ ಪೆಟ್ಟು ಮುಂಗೈಗೆ ಬರುತ್ತದೆ. ದೊಡ್ಡ ಚಕ್ರ ಅದೇ ಕಲ್ಲನ್ನು ಓರೆಯಾಗಿ ಮುಟ್ಟಿ ಹತ್ತಿ ಇಳಿಯುತ್ತದೆ. ತಿರುಗುವ ದೊಡ್ಡ ಚಕ್ರ ತನ್ನ ದಿಕ್ಕನ್ನು ಸುಲಭಕ್ಕೆ ಬಿಡುವುದೂ ಇಲ್ಲ. ಇದಕ್ಕೆ ತೆರಬೇಕಾದ ಬೆಲೆಯೂ ಇದೆ: ಘಾಟಿಯ ತಿರುವುಗಳಲ್ಲಿ 21 ಇಂಚಿನ ಗಾಡಿ 17 ಇಂಚಿನದರಷ್ಟು ಚುರುಕಾಗಿ ಮಗ್ಗುಲಾಗುವುದಿಲ್ಲ. ನಡುವೆ 19 ಇಂಚು ಇದೆ. ಮುಕ್ಕಾಲು ಪಾಲಿಗಿಂತ ಹೆಚ್ಚು ಡಾಂಬರು, ಉಳಿದದ್ದು ಗಟ್ಟಿ ಮಣ್ಣು ಎನ್ನುವವರಿಗೆ 19 ಬಹಳ ಒಳ್ಳೆಯ ಅಳತೆ. ಕಿಲೋಮೀಟರ್ ಲೆಕ್ಕದಲ್ಲಿ ನೀವೂ ಅದೇ ಗುಂಪಿಗೆ ಬರುತ್ತೀರಿ. ಆದರೆ ಮಳೆಗಾಲದ ಸಡಿಲ ಜಲ್ಲಿ ಇರುವ ನಿಮಗೆ ನಾನು 21 ಇಂಚನ್ನೇ ಹೇಳುತ್ತೇನೆ.

ಇನ್ನು ತೂಕ. ನನ್ನ ದೃಷ್ಟಿಯಲ್ಲಿ ಸಿಸಿ, ಬಿಎಚ್‌ಪಿ, ಮೈಲೇಜ್ ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಇದನ್ನೇ. ಎಕ್ಸ್‌ಪಲ್ಸ್ 200 ಪೆಟ್ರೋಲ್ ತುಂಬಿಕೊಂಡು 160 ಕೆ.ಜಿ.ಗಿಂತ ತುಸು ಕಡಿಮೆ. 210ರದು 170ರ ಸಮೀಪ. ಹಿಮಾಲಯನ್ 450 ಬರೋಬ್ಬರಿ 196 ಕೆ.ಜಿ. ಡಾಂಬರಿನಲ್ಲಿ ಓಡುವಾಗ ಈ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ತೂಕದ ಗಾಡಿ ಗಾಳಿಗೆ ಅಲ್ಲಾಡದೆ ಗಟ್ಟಿಯಾಗಿ ಕೂತು ಹೋಗುತ್ತದೆ. ಗೊತ್ತಾಗುವುದು ನಿಂತಾಗ. ಮನೆಯ ಗೇಟಿನ ಮುಂದೆ ಇಳಿಜಾರಿನಲ್ಲಿ ಗಾಡಿಯನ್ನು ಕಾಲಿನಿಂದಲೇ ಹಿಂದಕ್ಕೆ ತಳ್ಳಿ ತಿರುಗಿಸಬೇಕು, ನೆಲದಲ್ಲಿ ಪಾಚಿ, ಒಂದು ಕಾಲಿಗೆ ಸಿಕ್ಕಿದ್ದು ಜಾರುವ ಕಲ್ಲು. ಆ ಹೊತ್ತಿನಲ್ಲಿ ಮೂವತ್ತು ಕೆ.ಜಿ. ಎಂದರೆ ತಡೆದು ನಿಲ್ಲಿಸುವುದಕ್ಕೂ ಬೀಳಿಸುವುದಕ್ಕೂ ಇರುವ ಅಂತರ. ಮಣ್ಣುದಾರಿಯಲ್ಲಿ ಓಡಿಸುವವರ ಗಾಡಿ ಒಂದಲ್ಲ ಒಂದು ದಿನ ಬಿದ್ದೇ ಬೀಳುತ್ತದೆ. ಬಿದ್ದ ಗಾಡಿಯನ್ನು ಯಾರೂ ಇಲ್ಲದ ಜಾಗದಲ್ಲಿ ಒಬ್ಬರೇ ಎತ್ತಿ ನಿಲ್ಲಿಸಬಲ್ಲಿರಾ? ಇದಕ್ಕೆ ಹೌದು ಎನ್ನಲಾಗದಿದ್ದರೆ ಆ ಗಾಡಿ ನಿಮ್ಮದಲ್ಲ.

ಎತ್ತುವ ವಿಧಾನ ಗೊತ್ತಿದ್ದರೆ ಅರ್ಧ ಕೆಲಸ ಹಗುರ. ಎಂಜಿನ್ ಆಫ್ ಮಾಡಿ, ಗಾಡಿ ಬಲಕ್ಕೆ ಬಿದ್ದಿದ್ದರೆ ಸೈಡ್ ಸ್ಟ್ಯಾಂಡ್ ಮೊದಲೇ ಹೊರಗೆ ತೆಗೆದಿಟ್ಟು, ಸೀಟಿಗೆ ಬೆನ್ನು ಕೊಟ್ಟು ಕುಕ್ಕರುಗಾಲಿನಲ್ಲಿ ಕೂತು, ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದರಲ್ಲಿ ಹಿಂದಿನ ಹಿಡಿ ಹಿಡಿದು ಕಾಲಿನ ಬಲದಿಂದ ಹಿಂದಕ್ಕೆ ಹೆಜ್ಜೆ ಹಾಕುತ್ತಾ ಏಳಬೇಕು. ಸೊಂಟ ಬಗ್ಗಿಸಿ ಎಳೆದರೆ ಬೆನ್ನು ಹಿಡಿದುಕೊಳ್ಳುತ್ತದೆ. ಶೋರೂಮಿನಲ್ಲಿ ಇದನ್ನು ಮಾಡಿ ನೋಡಲು ಬಿಡುವುದಿಲ್ಲ. ಅದೇ ಗಾಡಿ ಇರುವ ಪರಿಚಯದವರ ಮನೆಯ ಹುಲ್ಲಿನ ಮೇಲೆ, ಅವರ ಒಪ್ಪಿಗೆ ಪಡೆದು, ಒಮ್ಮೆ ಮಾಡಿ ನೋಡಿ.

ಸೀಟಿನ ಎತ್ತರದ ಬಗ್ಗೆ ನೀವು ಕೇಳದಿದ್ದರೂ ಐದು ಅಡಿ ಐದು ಇಂಚು ಎಂದು ಬರೆದಿರುವುದರಿಂದ ಹೇಳುತ್ತೇನೆ. ಎಕ್ಸ್‌ಪಲ್ಸ್ 200ರ ಸೀಟು ಸುಮಾರು 825 ಮಿಲಿಮೀಟರ್, 210ರದು 830, ಹಿಮಾಲಯನ್ 450ರದು 825ರಿಂದ 845ರ ನಡುವೆ ಹೊಂದಿಸಿಕೊಳ್ಳಬಹುದು. ಅಂಕಿಗಳು ಒಂದೇ ರೀತಿ ಕಂಡರೂ ಸೀಟಿನ ಅಗಲ ಬೇರೆ ಬೇರೆ. ಕಿರಿದಾದ ಸೀಟಿನಲ್ಲಿ ಕಾಲು ಹೆಚ್ಚು ಕೆಳಗಿಳಿಯುತ್ತದೆ. ನಿಮ್ಮ ಎತ್ತರಕ್ಕೆ ಎರಡೂ ಪಾದ ಪೂರ್ತಿ ಊರುವುದಿಲ್ಲ, ಊರಬೇಕಾಗಿಯೂ ಇಲ್ಲ. ಎರಡೂ ಕಡೆ ಪಾದದ ಮುಂಭಾಗ ಅಥವಾ ಸ್ವಲ್ಪ ವಾಲಿ ಕೂತಾಗ ಒಂದು ಪಾದ ಪೂರ್ತಿ ನೆಲ ಮುಟ್ಟಿದರೆ ಸಾಕು. ಎಕ್ಸ್‌ಪಲ್ಸ್‌ನಲ್ಲಿಯೇ ಪ್ರೋ ಎನ್ನುವುದೊಂದು ಬಂದಿದೆ, ಅದರ ಸೀಟು 891 ಮಿಲಿಮೀಟರ್. ನೋಡಲು ಭರ್ಜರಿಯಾಗಿದೆ, ರ‍್ಯಾಲಿ ಓಡಿಸುವವರಿಗೆ ಹೇಳಿ ಮಾಡಿಸಿದ್ದು. ನಿಮಗೆ ಬೇಡ. ಹೆಂಡತಿಯನ್ನು ಕೂರಿಸಿಕೊಂಡು ಜಲ್ಲಿಯಲ್ಲಿ ನಿಲ್ಲಿಸುವಾಗ ಕಾಲಿಗೆ ನೆಲ ಸಿಗಲೇಬೇಕು.

ಈಗ ಗೆಳೆಯರ 400 ಸಿಸಿಯ ವಿಷಯ. ಹಿಮಾಲಯನ್ 450 ನನಗೆ ಬಹಳ ಇಷ್ಟದ ಗಾಡಿ. 2016ರಲ್ಲಿ ಬಂದ ಮೊದಲ ಹಿಮಾಲಯನ್ 411 ಸಿಸಿಯದು, 24.5 ಬಿಎಚ್‌ಪಿ, 2023ರ ಕೊನೆಗೆ ಬಂದ 452 ಸಿಸಿಯ ಹೊಸದು 40 ಪಿಎಸ್. ಶೃಂಗೇರಿಯಿಂದ ಬೆಂಗಳೂರಿಗೆ ಮುನ್ನೂರಕ್ಕೂ ಹೆಚ್ಚು ಕಿಲೋಮೀಟರ್. ಹಾಸನ ದಾಟಿದ ಮೇಲೆ ಚನ್ನರಾಯಪಟ್ಟಣ, ಕುಣಿಗಲ್ ಕಡೆಯ ಹೆದ್ದಾರಿಯಲ್ಲಿ ಹಿಂದೆ ಒಬ್ಬರನ್ನು ಕೂರಿಸಿಕೊಂಡು ನೂರರ ವೇಗದಲ್ಲಿ ಹೋಗುತ್ತಿದ್ದರೂ ಅದು ಏದುಸಿರು ಬಿಡುವುದಿಲ್ಲ. ಹಿಂದಿನ ಸೀಟು ಅಗಲ, 17 ಲೀಟರಿನ ಟ್ಯಾಂಕ್. ಪಟ್ಟಣದಲ್ಲಿದ್ದು ತಿಂಗಳಿಗೆ ಮೂರ್ನಾಲ್ಕು ಸಲ ಮಲೆನಾಡಿಗೆ ಬರುವವರು ಕೇಳಿದ್ದರೆ ಕಣ್ಣು ಮುಚ್ಚಿ ಇದನ್ನೇ ಹೇಳುತ್ತಿದ್ದೆ. ನಿಮ್ಮ ಲೆಕ್ಕ ತಲೆಕೆಳಗು: ಮಲೆನಾಡಿನಲ್ಲಿ ವಾಸ, ಅಪರೂಪಕ್ಕೆ ಪಟ್ಟಣ.

ದುಡ್ಡಿನ ಮಾತೂ ಇದೆ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕುಗಳ ಜಿಎಸ್‌ಟಿ 28ರಿಂದ 18 ಪರ್ಸೆಂಟಿಗೆ ಇಳಿಯಿತು. ಅದನ್ನು ದಾಟಿದವುಗಳಿಗೆ, ಸೆಸ್ ಸೇರಿ 31 ಇದ್ದದ್ದು 40ಕ್ಕೆ ಏರಿತು. ಹೀಗಾಗಿ 350ರ ಗೆರೆಯ ಆಚೆ ಈಚೆ ಬೆಲೆಯ ಕಂದಕವೇ ಬಿದ್ದಿದೆ. ಹಿಮಾಲಯನ್ 450ಕ್ಕೆ ಕೊಡುವುದರ ಹೆಚ್ಚುಕಡಿಮೆ ಅರ್ಧಕ್ಕೆ ಎಕ್ಸ್‌ಪಲ್ಸ್ ಬರುತ್ತದೆ. ಉಳಿದ ಹಣದಲ್ಲಿ ಒಳ್ಳೆಯ ಹೆಲ್ಮೆಟ್, ಗಿಣ್ಣು ಮುಚ್ಚುವ ಬೂಟು, ಮಂಡಿಯ ಗಾರ್ಡ್, ಒಂದು ಜೊತೆ ಟಯರು ಎಲ್ಲವೂ ಆಗಿ ಇನ್ನೂ ಮಿಗುತ್ತದೆ.

ಎಕ್ಸ್‌ಪಲ್ಸ್ ಹುಟ್ಟಿದ ಹಿನ್ನೆಲೆಯೂ ತಿಳಿದಿರಲಿ. ಹೀರೋ 2011ರಲ್ಲಿಯೇ ಇಂಪಲ್ಸ್ ಎಂಬ 150 ಸಿಸಿ ಗಾಡಿ ತಂದಿತ್ತು. ಎತ್ತರದ ಹ್ಯಾಂಡಲ್, ಉದ್ದದ ಶಾಕ್, ಎಲ್ಲಾ ಸರಿ ಇತ್ತು. ಎಂಜಿನ್‌ಗೆ ಮಾತ್ರ ದಮ್ ಇರಲಿಲ್ಲ, ಕೊಳ್ಳುವವರೂ ಕಡಿಮೆ. ಆಮೇಲೆ ಕಂಪನಿ ಮಣ್ಣಿನ ಓಟಕ್ಕೆ ಹೆಸರಾದ ಡಕಾರ್ ರ‍್ಯಾಲಿಗೆ ಇಳಿಯಿತು. 2017ರ ಆ ಮೊದಲ ತಂಡದಲ್ಲಿ ನಮ್ಮ ಬೆಂಗಳೂರಿನ ಸಿ.ಎಸ್. ಸಂತೋಷ್ ಇದ್ದರು. ಡಕಾರ್ ರ‍್ಯಾಲಿಯನ್ನು ಪೂರ್ತಿ ಮುಗಿಸಿದ ಮೊದಲ ಭಾರತೀಯ ಅವರೇ, 2015ರಲ್ಲಿ. ಉಡುಪಿಯ ಕೆ.ಪಿ. ಅರವಿಂದ್ 2019ರಲ್ಲಿ ಟಿವಿಎಸ್ ತಂಡದಿಂದ ಅದೇ ರ‍್ಯಾಲಿ ಮುಗಿಸಿದರು. ಮಣ್ಣಿನ ಓಟದಲ್ಲಿ ನಮ್ಮವರ ಹೆಸರು ಹೀಗೆ ಮೇಲೆ ಬಂದ ವರ್ಷಗಳಲ್ಲೇ, 2019ರಲ್ಲಿ, ಎಕ್ಸ್‌ಪಲ್ಸ್ 200 ಮಾರುಕಟ್ಟೆಗೆ ಬಂತು. ಮುಂದಿನ ಶಾಕ್ 190 ಮಿಲಿಮೀಟರ್, ಹಿಂದಿನದು 170 ಕುಗ್ಗಬಲ್ಲದು. ಹೊಟ್ಟೆಯಡಿ 220 ಮಿಲಿಮೀಟರ್ ಖಾಲಿ ಜಾಗ. ಆ ಬೆಲೆಗೆ ಇಷ್ಟನ್ನು ಅಲ್ಲಿಯವರೆಗೆ ಇಲ್ಲಿ ಯಾರೂ ಕೊಟ್ಟಿರಲಿಲ್ಲ.

ಅದರ ಕೊರತೆಗಳನ್ನೂ ಹೇಳಬೇಕು. 200ರಲ್ಲಿ ಐದೇ ಗೇರು. ಎಂಬತ್ತು, ತೊಂಬತ್ತರವರೆಗೆ ಹಾಯಾಗಿರುತ್ತದೆ. ಅದಕ್ಕಿಂತ ಮೇಲೆ ಹೋದರೆ ಕಾಲಿಗೂ ಕೈಗೂ ನಡುಕ ಬರುತ್ತದೆ. ಇಬ್ಬರು ಕೂತು ಏರು ಹತ್ತುವಾಗ ಗೇರು ಇಳಿಸಲೇಬೇಕು. 2025ರಲ್ಲಿ ಬಂದ 210ರಲ್ಲಿ ನೀರಿನಿಂದ ತಂಪಾಗುವ 24.6 ಪಿಎಸ್ ಎಂಜಿನ್, ಆರು ಗೇರು, ಮುಂದೆ 210 ಮತ್ತು ಹಿಂದೆ 205 ಮಿಲಿಮೀಟರ್ ಕುಗ್ಗುವ ಶಾಕ್ ಇವೆ. ಹೆದ್ದಾರಿಯ ದೂರು ಅಲ್ಲಿಗೆ ಬಹುಮಟ್ಟಿಗೆ ತೀರುತ್ತದೆ. ಎರಡರಲ್ಲೂ ಹಿಂದೆ ಕೂರುವವರಿಗೆ ಸೀಟು ಎತ್ತರ, ಹತ್ತುವುದು ಕಷ್ಟ. ಕೊಳ್ಳುವ ಮುಂಚೆ ನಿಮ್ಮ ಹೆಂಡತಿಯನ್ನೂ ಶೋರೂಮಿಗೆ ಕರೆದುಕೊಂಡು ಹೋಗಿ. ಅವರು ಹತ್ತಿ ಕೂತು, ಇಳಿದು ನೋಡಲಿ. ಸೀರೆ ಗಾರ್ಡ್, ಹಿಂದಿನ ಹಿಡಿ, ಫುಟ್‌ರೆಸ್ಟ್ ಸರಿಯಾದ ಜಾಗದಲ್ಲಿವೆಯೇ ಎನ್ನುವುದನ್ನು ಅವರೇ ಹೇಳಬೇಕು. ವಾರಕ್ಕೆ ಒಂದೆರಡು ಸಲ ಆ ಸೀಟಿನಲ್ಲಿ ಜಲ್ಲಿಯ ಕುಲುಕಾಟ ತಿನ್ನುವವರು ಅವರು.

ಉಳಿದವುಗಳ ಬಗ್ಗೆ ಚುಟುಕಾಗಿ. ಸುಜುಕಿ ವಿ-ಸ್ಟ್ರಾಮ್ ಎಸ್‌ಎಕ್ಸ್ 250 ಸಿಸಿಯದು, 167 ಕೆ.ಜಿ., ಎಂಜಿನ್ ಬೆಣ್ಣೆ, ದೂರದ ಪ್ರಯಾಣಕ್ಕೂ ಇಬ್ಬರಿಗೂ ಸುಖ. ಮುಂದೆ 19 ಇಂಚಿನ ಅಲಾಯ್ ಚಕ್ರ. ನಿಮ್ಮ ಐದು ಕಿಲೋಮೀಟರಿಗೆ ಮುಂದಿನ ವರ್ಷ ಡಾಂಬರು ಬೀಳುವುದು ಖಚಿತವಾಗಿದ್ದರೆ ನಾನು ಇದನ್ನೇ ಹೇಳುತ್ತಿದ್ದೆ. ಕೆಟಿಎಂ 390 ಅಡ್ವೆಂಚರ್ 2025ರಲ್ಲಿ 21 ಇಂಚಿನ ಕಡ್ಡಿ ಚಕ್ರದೊಂದಿಗೆ ಬಂದಿದೆ, ಓಡಿಸುವ ಖುಷಿಯೇ ಬೇರೆ. ಆದರೆ ಅದು ವೇಗವನ್ನು ಬಯಸುವ ಗಾಡಿ, ಗೊಬ್ಬರದ ಚೀಲ ಹೇರಿಕೊಂಡು ಹೋಗುವುದಕ್ಕಲ್ಲ. ಹಳೆಯ ಹಿಮಾಲಯನ್ 411 ಸೆಕೆಂಡ್ ಹ್ಯಾಂಡಿನಲ್ಲಿ ಸಿಗುತ್ತದೆ. ಸೀಟು ಬರೀ 800 ಮಿಲಿಮೀಟರ್, ಕಡಿಮೆ ವೇಗದಲ್ಲಿ ಏರು ಹತ್ತುವುದರಲ್ಲಿ ಅದಕ್ಕೆ ಅದೇ ಸಾಟಿ. ತೂಕ ಮಾತ್ರ ಇನ್ನೂರು ಕೆ.ಜಿ. ಹತ್ತಿರ.

ನಿಮ್ಮ ಕಡೆಯ ಹಿರಿಯರು ಯೆಜ್ಡಿಯ ಮಾತು ತೆಗೆದೇ ತೆಗೆಯುತ್ತಾರೆ. ಅದನ್ನು ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚುವವರೆಗೂ ತೋಟದ ದಾರಿಗಳಲ್ಲಿ ಅದರ ಗಾಡಿಗಳದೇ ಸದ್ದು. ಆ ಗಾಡಿಗಳಿಗೆ ಉದ್ದದ ಶಾಕ್ ಇರಲಿಲ್ಲ, 21 ಇಂಚಿನ ಚಕ್ರವೂ ಇರಲಿಲ್ಲ. ಇದ್ದದ್ದು ಗಟ್ಟಿ ಫ್ರೇಮು, ಕೆಳಗಿನ ವೇಗದಲ್ಲೇ ಎಳೆಯುವ ಎಂಜಿನ್, ಊರಿನ ಮೆಕ್ಯಾನಿಕ್ ಒಬ್ಬನೇ ಬಿಚ್ಚಿ ಜೋಡಿಸಬಹುದಾದ ಸರಳತೆ. ಈ ಮೂರನೆಯದನ್ನು ಇವತ್ತೂ ಮರೆಯಬೇಡಿ. ಸರ್ವಿಸ್ ಸೆಂಟರ್ ನಿಮ್ಮಿಂದ ಎಷ್ಟು ದೂರ, ಬ್ರೇಕ್ ಲಿವರ್, ಕ್ಲಚ್ ಕೇಬಲ್ ನಿಮ್ಮ ಪೇಟೆಯ ಅಂಗಡಿಯಲ್ಲೇ ಸಿಗುತ್ತದೆಯೇ ಎಂದು ವಿಚಾರಿಸಿ. ಎಕ್ಸ್‌ಪಲ್ಸ್ ಪರವಾಗಿ ನಾನು ಮಾತಾಡಲು ಈ ಅನುಕೂಲವೂ ಒಂದು ದೊಡ್ಡ ಕಾರಣ.

ಟಯರಿನ ಬಗ್ಗೆ ಬೈಕಿನಷ್ಟೇ ಯೋಚಿಸಿ. ದೊಡ್ಡ ದೊಡ್ಡ ಗಟ್ಟಿ, ಅಂದರೆ ರಬ್ಬರಿನ ಉಬ್ಬು, ಇರುವ ಟಯರು ಕೆಸರಿನಲ್ಲಿ ಚೆನ್ನಾಗಿ ಕಚ್ಚುತ್ತದೆ. ಆದರೆ ಮಳೆ ನೆನೆದ ಡಾಂಬರಿನಲ್ಲಿ ನೆಲಕ್ಕೆ ತಾಗುವ ರಬ್ಬರೇ ಕಡಿಮೆಯಾಗಿ ಜಾರುತ್ತದೆ. ಆಗುಂಬೆ ಘಾಟಿಯ ತಿರುವಿನಲ್ಲಿ, ಎದುರಿಗೆ ಬಸ್ಸು ಬಂದಾಗ ಬ್ರೇಕ್ ಹಿಡಿಯಬೇಕಾದವರಿಗೆ ಅದು ಅಪಾಯ. ದಿನಕ್ಕೆ ಮೂವತ್ತು ಕಿಲೋಮೀಟರ್ ಡಾಂಬರು, ಹತ್ತು ಕಿಲೋಮೀಟರ್ ಜಲ್ಲಿ ಓಡಿಸುವ ನಿಮಗೆ ಕಂಪನಿಯೇ ಹಾಕಿ ಕೊಡುವ, ಎರಡಕ್ಕೂ ನಡುವಿನ ಟಯರು ಸಾಕು. ಅದು ಸವೆದ ಮೇಲೆ, ಮುಂದೆ ಅಂಥದ್ದೇ ಹಾಕಿಸಿ ಹಿಂದೆ ಮಾತ್ರ ಸ್ವಲ್ಪ ದೊಡ್ಡ ಗಟ್ಟಿ ಇರುವುದನ್ನು ಹಾಕಿಸಿಕೊಳ್ಳಬಹುದು. ಜಲ್ಲಿಗೆ ಇಳಿಯುವಾಗ ನಾಲ್ಕೈದು ಪಿಎಸ್‌ಐ ಗಾಳಿ ಇಳಿಸಿದರೆ ಹಿಡಿತ ಹೆಚ್ಚುತ್ತದೆ ಎನ್ನುವುದು ನಿಜ. ಇಡೀ ದಿನ ಮಣ್ಣಿನಲ್ಲೇ ಓಡಾಡುವ ದಿನ ಹಾಗೆ ಮಾಡಿ. ದಿನದ ಓಡಾಟಕ್ಕೆ ಕಂಪನಿ ಹೇಳಿದ ಒತ್ತಡವನ್ನೇ ಇಟ್ಟುಕೊಳ್ಳಿ. ಗಾಳಿ ಕಡಿಮೆಯಾದ ಟಯರು ಚೂಪು ಕಲ್ಲಿಗೆ ಬಡಿದರೆ ಟ್ಯೂಬು ರಿಮ್ಮಿಗೂ ಕಲ್ಲಿಗೂ ನಡುವೆ ಸಿಕ್ಕಿ ಎರಡು ಕಡೆ ಸೀಳುತ್ತದೆ.

ಟ್ಯೂಬ್ ಎಂದಾಗ ಕಡ್ಡಿ ಚಕ್ರದ ಮಾತು ಬಂತು. ಕಡ್ಡಿ ಚಕ್ರ ಪೆಟ್ಟು ತಿಂದಾಗ ಬಾಗಿ ಮತ್ತೆ ಸರಿಯಾಗುತ್ತದೆ, ವಾಲಿದರೂ ಕಡ್ಡಿ ಬಿಗಿದು ನೇರ ಮಾಡಬಹುದು. ಅಲಾಯ್ ಚಕ್ರ ಬಿರುಕು ಬಿಟ್ಟರೆ ಬದಲಿಸಬೇಕು. ಎಕ್ಸ್‌ಪಲ್ಸ್‌ನ ಕಡ್ಡಿ ಚಕ್ರಕ್ಕೆ ಟ್ಯೂಬು ಇದೆ. ಪಂಕ್ಚರ್ ಆದರೆ ಚಕ್ರ ಬಿಚ್ಚಲೇಬೇಕು, ಸಂಜೆ ಆರರ ಮೇಲೆ ನಿಮ್ಮ ದಾರಿಯಲ್ಲಿ ಯಾರೂ ಸಿಗುವುದಿಲ್ಲ. ಹಾಗಾಗಿ ಎರಡು ಟಯರ್ ಲಿವರ್, ಒಂದು ಹೆಚ್ಚಿನ ಟ್ಯೂಬು, ಚಿಕ್ಕ ಪಂಪು ಗಾಡಿಯಲ್ಲೇ ಇರಲಿ. ಮನೆಯಂಗಳದಲ್ಲಿ ಬಿಡುವಿನ ದಿನ ಹಿಂದಿನ ಚಕ್ರ ಬಿಚ್ಚಿ ಟ್ಯೂಬ್ ಬದಲಿಸುವುದನ್ನು ಒಮ್ಮೆ ಕೈಯಾರೆ ಮಾಡಿ ಕಲಿತುಕೊಳ್ಳಿ. ಹಿಮಾಲಯನ್ 450ಕ್ಕೆ 2024ರಿಂದ ಟ್ಯೂಬ್ ಬೇಡದ ಕಡ್ಡಿ ಚಕ್ರವೂ ಸಿಗುತ್ತಿದೆ. ಅದು ಆ ಗಾಡಿಯ ದೊಡ್ಡ ಅನುಕೂಲ.

ಬ್ರೇಕಿನಲ್ಲಿ ಒಂದು ಸೂಕ್ಷ್ಮ ಇದೆ. ಎಬಿಎಸ್ ಡಾಂಬರಿನಲ್ಲಿ ಜೀವ ಉಳಿಸುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಸಡಿಲ ಜಲ್ಲಿಯ ಇಳಿಜಾರಿನಲ್ಲಿ ಹಿಂದಿನ ಚಕ್ರ ಸ್ವಲ್ಪ ಲಾಕ್ ಆಗಿ ಜಲ್ಲಿಯನ್ನು ತನ್ನ ಮುಂದೆ ಗುಡ್ಡೆ ಮಾಡಿಕೊಂಡರೆ ಗಾಡಿ ಬೇಗ ನಿಲ್ಲುತ್ತದೆ. ಎಬಿಎಸ್ ಲಾಕ್ ಆಗಲು ಬಿಡದೆ ಬ್ರೇಕನ್ನು ಹಿಡಿದು ಬಿಟ್ಟು ಮಾಡುವುದರಿಂದ ಅಲ್ಲಿ ನಿಲ್ಲುವ ದೂರ ಉದ್ದವಾಗುತ್ತದೆ. ಆದ್ದರಿಂದ ಹಿಂದಿನ ಚಕ್ರದ ಎಬಿಎಸ್ ಆಫ್ ಮಾಡುವ ಸೌಲಭ್ಯ ಇರಬೇಕು. ಎಕ್ಸ್‌ಪಲ್ಸ್ 210, ಹಿಮಾಲಯನ್ 450 ಎರಡರಲ್ಲೂ ಇದೆ. ಎಕ್ಸ್‌ಪಲ್ಸ್ 200ರಲ್ಲಿ ಎಬಿಎಸ್ ಇರುವುದು ಮುಂದಿನ ಚಕ್ರಕ್ಕೆ ಮಾತ್ರ, ಹಾಗಾಗಿ ಹಿಂದಿನದನ್ನು ಆಫ್ ಮಾಡುವ ಪ್ರಶ್ನೆಯೇ ಇಲ್ಲ. ವಿ-ಸ್ಟ್ರಾಮ್‌ನಲ್ಲಿ ಆಫ್ ಮಾಡಲು ಬರುವುದಿಲ್ಲ. ಮುಂದಿನದನ್ನು ಯಾವತ್ತೂ ಆಫ್ ಮಾಡಬೇಡಿ, ಡಾಂಬರಿಗೆ ಬಂದ ಕೂಡಲೇ ಹಿಂದಿನದನ್ನೂ ಆನ್ ಮಾಡಿಕೊಳ್ಳಿ.

ಟೆಸ್ಟ್ ರೈಡ್ ಎಂದರೆ ಶೋರೂಮಿನ ಮುಂದಿನ ರಸ್ತೆಯಲ್ಲಿ ಒಂದು ಸುತ್ತು ಎಂದುಕೊಳ್ಳಬೇಡಿ. ದಿನಾ ಹಾಕುವ ಚಪ್ಪಲಿಯೋ ಬೂಟೋ ಅದನ್ನೇ ಹಾಕಿಕೊಂಡು ಹೋಗಿ. ಫುಟ್‌ಪೆಗ್ ಮೇಲೆ ಎದ್ದು ನಿಂತು ಹತ್ತಿಪ್ಪತ್ತು ಮೀಟರ್ ನಿಧಾನಕ್ಕೆ ಓಡಿಸಿ. ನಿಂತಾಗ ಬೆನ್ನು ಗೂನಾಗದೆ ಹ್ಯಾಂಡಲ್ ಕೈಗೆ ಸಿಗಬೇಕು, ಮಂಡಿಗಳಿಗೆ ಟ್ಯಾಂಕು ಸಿಗಬೇಕು. ಜಲ್ಲಿಯಲ್ಲಿ ನಿಂತು ಓಡಿಸುವುದು ಶೋಕಿಗಲ್ಲ; ನಿಮ್ಮ ಭಾರ ಸೀಟಿನಿಂದ ಪೆಗ್ಗಿಗೆ ಇಳಿದಾಗ ಗಾಡಿ ನಿಮ್ಮ ಕೆಳಗೆ ತನ್ನಷ್ಟಕ್ಕೆ ಅಲ್ಲಾಡಲು ಅವಕಾಶ ಸಿಗುತ್ತದೆ, ಮಂಡಿಗಳು ಇನ್ನೊಂದು ಜೊತೆ ಶಾಕ್ ಆಗುತ್ತವೆ. ಮೊದಲನೇ ಗೇರಿನಲ್ಲಿ ಕ್ಲಚ್ ಪೂರ್ತಿ ಬಿಟ್ಟು ನಡಿಗೆಯ ವೇಗದಲ್ಲಿ ಹೋಗಿ ನೋಡಿ. ಎಂಜಿನ್ ಜಗ್ಗಾಡದೆ ಹೋದರೆ ಅದು ನಿಮ್ಮ ದಾರಿಗೆ ಒಗ್ಗುತ್ತದೆ. ಸಾಧ್ಯವಿದ್ದರೆ ಒಂದೆರಡು ದಿನದ ತರಬೇತಿಗೂ ಹೋಗಿ. ಡಕಾರ್ ಮುಗಿಸಿದ ಸಂತೋಷ್ ಅವರೇ ಕೋಲಾರದ ಕಡೆ ಬಿಗ್ ರಾಕ್ ಎಂಬ ಮಣ್ಣಿನ ಓಟದ ಕಲಿಕೆಯ ಜಾಗ ಕಟ್ಟಿದ್ದಾರೆ. ಅಲ್ಲಿ ಕಲಿತದ್ದು ಯಾವ ಎಂಜಿನ್ನಿಗಿಂತಲೂ ಹೆಚ್ಚು ಕಾಲ ನಿಮ್ಮ ಜೊತೆಗಿರುತ್ತದೆ.

ಕೊಂಡ ಮೇಲೆ ಮೊದಲ ಸರ್ವಿಸಿನಲ್ಲಿ ಕಡ್ಡಿಗಳ ಬಿಗಿ ನೋಡಲು ಬಾಯಿಬಿಟ್ಟು ಹೇಳಿ. ಹೊಸ ಕಡ್ಡಿಗಳು ಜಲ್ಲಿಯಲ್ಲಿ ಸಡಿಲವಾಗುತ್ತವೆ. ಜನವರಿಯಿಂದ ಮೇವರೆಗಿನ ಧೂಳಿನಲ್ಲಿ ಏರ್ ಫಿಲ್ಟರನ್ನು ಪುಸ್ತಕದಲ್ಲಿ ಹೇಳಿದ್ದಕ್ಕಿಂತ ಬೇಗ ತೆಗೆದು ನೋಡಿ. ಮಳೆಗಾಲದಲ್ಲಿ ಕೆಸರು ಮೆತ್ತಿದ ಚೈನನ್ನು ಮನೆಗೆ ಬಂದ ದಿನವೇ ತೊಳೆದು ಎಣ್ಣೆ ಬಿಡಿ. ತೊಳೆಯುವಾಗ ಪ್ರೆಷರ್ ನೀರನ್ನು ಚಕ್ರದ ಬೇರಿಂಗಿಗೆ ನೇರವಾಗಿ ಹೊಡೆಯಬೇಡಿ.

ಇನ್ನೊಂದು ಮಾತು, ಯಾವಾಗ ಕೊಳ್ಳಬೇಕು ಎನ್ನುವುದರ ಬಗ್ಗೆ. ಹೊಸ ಗಾಡಿಯನ್ನು ಮಳೆಗಾಲದ ಬಾಗಿಲಲ್ಲಿ ತರಬೇಡಿ. ಆಯುಧಪೂಜೆಯ ಹೊತ್ತಿಗೆ ತಂದರೆ ಮಳೆ ಹಿಂದಾಗುತ್ತಿರುತ್ತದೆ, ಮುಂದೆ ಏಳೆಂಟು ತಿಂಗಳು ಹೆಚ್ಚಾಗಿ ಒಣ ಜಲ್ಲಿ. ಅಷ್ಟರಲ್ಲಿ ಕೈ ಕಾಲಿಗೆ ಗಾಡಿಯ ತೂಕ, ಕ್ಲಚ್ ಹಿಡಿಯುವ ಬಿಂದು, ಮುಂದಿನ ಚಕ್ರದ ಅಲೆದಾಟ ಎಲ್ಲ ಪಳಗುತ್ತದೆ. ಮೊದಲ ಕೆಲವು ವಾರ ಆ ಐದು ಕಿಲೋಮೀಟರಿನಲ್ಲಿ ಒಬ್ಬರೇ ಓಡಿಸಿ, ಆಮೇಲೆ ಹೆಂಡತಿಯನ್ನು ಕೂರಿಸಿಕೊಳ್ಳಿ. ಮೇ ಕೊನೆಯ ವಾರ ಹಿಂದಿನ ಟಯರಿನ ಗಟ್ಟಿ ಎಷ್ಟು ಉಳಿದಿದೆ ನೋಡಿ. ಅರ್ಧಕ್ಕಿಂತ ಹೆಚ್ಚು ಸವೆದಿದ್ದರೆ ಜೂನ್ ಬರುವ ಮೊದಲೇ ಬದಲಿಸಿಬಿಡಿ.